ಕಿವಿ ಗುರುತಿಲ್ಲದ ಮರಿ

ಗಣಿತದಲ್ಲಿ ಎಂಬತ್ತಕ್ಕೆ ಅರವತ್ತು ಬಂದರೆ ಒಂದು ಹೆಣ್ಣು ಕುರಿಮರಿ ನಿನ್ನದೇ ಎಂದು ನಮ್ಮ ಮಾವ ಗೋವಿಂದಪ್ಪ ನನ್ನ ಮಗಳು ಅಂಜಲಿಗೆ ಮಾತು ಕೊಟ್ಟಿದ್ದರು. ಮಾಡದಕೆರೆಯಲ್ಲಿ ಕುರಿ ಸಾಕುವ ಪ್ರತಿ ಮನೆಗೂ ಒಂದೊಂದು ಕಿವಿ ಗುರುತು. ಬಲಗಿವಿಯ ತುದಿ ಕತ್ತರಿಸಿದ್ದರೆ ನಮ್ಮದು. ಬೇರೆಯವರ ಕುರಿ ನಮ್ಮ ಹಿಂಡಿಗೆ ಸೇರಿಕೊಂಡರೆ ಕಿವಿ ನೋಡಿ ವಾಪಸ್ ಬಿಟ್ಟು ಬರುತ್ತೇವೆ. ಅಂಜಲಿಯ ಮರಿಗೆ ಅವಳದೇ ಗುರುತು, ಎಡಗಿವಿಗೆ ಎರಡು ಸೀಳು ಎಂದು ತಾತ ಮೊಮ್ಮಗಳು ಮೊದಲೇ ಮಾತಾಡಿಕೊಂಡಿದ್ದರು.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರವತ್ತೆರಡು ಬಂತು. ನಾನು ನೀರು ತರುವ ನೆಪದಲ್ಲಿ ಬೀದಿಗೆಲ್ಲ ಹೇಳಿ ಬಂದೆ. ಭಾನುವಾರ ಮಾವ ಕತ್ತರಿ ತೊಳೆದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡರು.

"ತಾತ, ಗುರುತು ಹಾಕಬ್ಯಾಡ."

"ಯಾಕವ್ವ? ಇರುವೆ ಕಚ್ಚಿದಂಗೆ, ಅಷ್ಟೇಯ."

"ಅದಕ್ಕಲ್ಲ. ಒಂಬತ್ತು ಮಾರ್ಕ್ಸ್ ನಂದಲ್ಲ. ಮೀನಾಕ್ಷಿದು ನೋಡ್ಕಂಡು ಬರ್ದೆ."

ಮುಂದಿನ ಬೆಂಚಿನ ಮೀನಾಕ್ಷಿ ತಾನೇ ಹಾಳೆ ಸರಿಸಿ ತೋರಿಸಿದ್ದಳಂತೆ. ಕನ್ನಡ ಪರೀಕ್ಷೆಯಲ್ಲಿ ಇವಳು ಅವಳಿಗೆ ತೋರಿಸಿದ್ದಳಂತೆ. ತೋರಿಸದವರನ್ನು ತರಗತಿಯಲ್ಲಿ ಯಾರೂ ಮಾತಾಡಿಸುವುದಿಲ್ಲವಂತೆ. ಬಯ್ಯಲು ಬಾಯಿ ತೆರೆದೆ. ಆದರೆ ಇದ್ದದ್ದನ್ನು ಹಂಚಿಕೊಂಡು ತಿನ್ನು ಎಂದು ಕಲಿಸಿದವಳು ನಾನು. ಎಷ್ಟು ಬಂತು ಎಂದು ಕೇಳಿದವಳೂ ನಾನೇ. ಹೇಗೆ ಬಂತು ಎಂದು ಕೇಳಿರಲಿಲ್ಲ.

ಮಾವ ಮರಿಯನ್ನು ಕೆಳಗೆ ಬಿಟ್ಟರು.

"ಬ್ಯಾರೆಯವರ ಒಂಬತ್ತು ಕುರಿ ನಮ್ಮ ಹಿಂಡಿನಾಗೆ ಸೇರ್ಕಂಡವೆ ಅನ್ನು. ನಾಳೆ ಹೋಗಿ ಬಿಟ್ಟು ಬಾ."

ಸೋಮವಾರ ಅವಳು ಗಣಿತದ ರವೀಂದ್ರ ಮೇಷ್ಟ್ರಿಗೆ ತಾನು ಮಾಡಿದ್ದನ್ನು ಹೇಳಿದಳು. ಯಾರದು ನೋಡಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ಒಂಬತ್ತು ಅಂಕ ಕಳೆದರು. ಹೆಸರು ಹೇಳದಿದ್ದರೂ ಮೀನಾಕ್ಷಿ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ಪುಸ್ತಕ ಹಿಡಿದು ನಮ್ಮ ಮನೆಗೇ ಬಂದಳು. ಆಮೇಲೆ ಇಬ್ಬರೂ ನಮ್ಮ ಪಡಸಾಲೆಯಲ್ಲೇ ಲೆಕ್ಕ ಮಾಡಿದರು. ನಾನು ಮಂಡಕ್ಕಿ ಒಗ್ಗರಣೆ ಹಾಕಿ ಕೊಡುತ್ತಿದ್ದೆ. ಮರಿ ಗುರುತಿಲ್ಲದೆ ಅಂಗಳದಲ್ಲಿ ಓಡಾಡಿಕೊಂಡಿತ್ತು.

ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಗಣಿತದಲ್ಲಿ ಐವತ್ತೇಳು. ಮಾವ ಕತ್ತರಿ ತರಲು ಹೇಳಿದರು.

"ಅರವತ್ತು ಆಗ್ಲಿಲ್ಲಲ್ಲ ತಾತ."

"ಐವತ್ತೇಳೂ ನಿನ್ನವೇನಾ?"

"ಎಲ್ಲಾ ನನ್ನವೇ."

"ಹಂಗಾದ್ರೆ ಕಾಲು ಹಿಡ್ಕ."

ಅಷ್ಟು ದಿನದಲ್ಲಿ ಬಲಿತಿದ್ದ ಮರಿ ಅವಳನ್ನೇ ಎಳೆದಾಡಿತು. ನಾನು ಅರಿಶಿನ ಹಿಡಿದು ಬಂದೆ. ಒಳಗೆ ಸಾರು ಉಕ್ಕುವ ಸದ್ದು ಕೇಳಿತು. ಉಕ್ಕಲಿ ಎಂದುಕೊಂಡು, ಎರಡನೆಯ ಸೀಳು ಬೀಳುವವರೆಗೂ ಅಲ್ಲೇ ನಿಂತೆ.