ಪೂಜೆ ಮಾಡಿಸಿಕೊಂಡ ಕಾರು

ಆಯುಧ ಪೂಜೆಯ ದಿನ ನಾನು ಮುಟ್ಟಾಗಿದ್ದೆ. ಕಾರಿನ ಹತ್ತಿರ ಸುಳಿಯಬೇಡ ಎಂದು ಗಂಡ ಮಲ್ಲಣ್ಣ ನನ್ನನ್ನು ಅಂಗಳದಾಚೆ ಅಟ್ಟಿದ. ಬಾನೆಟ್ ತೆರೆದು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳವನ್ನೂ ಬಿಚ್ಚಿ, ತಾನೊಬ್ಬನೇ ಎಲ್ಲವನ್ನೂ ಪೂಜಿಸಿದ.

ನನ್ನ ತಲೆಸ್ನಾನವಾದ ಮೇಲೆ ಕಮಲಾಪುರಕ್ಕೆ, ನನ್ನ ತವರಿಗೆ ಹೊರಟರೆ ಆ ಮುದಿ ಕಾರು ಸ್ಟಾರ್ಟ್ ಆಗಲಿಲ್ಲ. ಈಗ ಕೀಲಿ ತಿರುಗಿಸಲು ನನ್ನ ಕೈ ಬೇಕಾಯಿತು. ನಾನು ತಿರುಗಿಸಿದೆ, ಅವನು ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಹಿಡಿದ. ಕಿಡಿ ಬರಲಿಲ್ಲ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವ ದಪ್ಪ ವೈರು ಕಿತ್ತು ಹಿಡಿದಾಗ ಮಾತ್ರ ನೀಲಿ ಕಿಡಿ ಚಟ್ಟೆಂದಿತು.

"ಇಲ್ಲಿತನಕ ಕರೆಂಟ್ ಬರಾಕತ್ತದ. ಡಿಸ್ಟ್ರಿಬ್ಯೂಟರ್‌ದಾಗ ಸಾಯಾಕತ್ತದ," ಎಂದವನು ನನ್ನ ಕಡೆ ತಿರುಗಿದ. "ಅವತ್ತ ನೀನ ಮುಟ್ಟಿರಬೇಕು. ಅದಕ್ಕ ಹಿಂಗ ಆಗ್ಯಾದ."

ನಮ್ಮ ಕೋಟನೂರಿನ ಇಡೀ ಓಣಿಗೆ ಕೇಳುವ ಹಾಗೆ ನನ್ನ ತವರನ್ನೂ ಸೇರಿಸಿ ಬೈದ. ಬೈಯುತ್ತಲೇ ಮುಚ್ಚಳ ಬಿಚ್ಚಿದ.

ಒಳಗೆ, ಕಿಡಿ ಹಾಯುವ ಪಿನ್‌ಗಳ ಮೇಲೆಲ್ಲ, ನೀರಲ್ಲಿ ಕಲಸಿ ಮೂರು ಬೆರಳಿನಿಂದ ಎಳೆದ ವಿಭೂತಿ. ಮುಚ್ಚಿಟ್ಟಿದ್ದರಿಂದ ಇನ್ನೂ ಆರಿರಲಿಲ್ಲ. ಕರೆಂಟೆಲ್ಲ ಆ ತೇವದಲ್ಲೇ ಸೋರಿಹೋಗುತ್ತಿತ್ತು.

ಅವನು ತಲೆ ಎತ್ತದೆ, ಒರೆಸುವ ಬಟ್ಟೆಗಾಗಿ ನನ್ನತ್ತ ಕೈ ಚಾಚಿದ.

"ನಾ ಮುಟ್ಟಿದ ಬಟ್ಟಿ ನಡೀತದೇನ್ರಿ?" ಎಂದು ಕೇಳಿ, ಚೀಲ ಎತ್ತಿಕೊಂಡು ಬಸ್ಸಿಗೆ ನಡೆದೆ.