ಹಿತ್ತಲ ಕಲ್ಲಿಗೆ ಬರುವ ನೆಂಟ

ನಾನು ಬಟ್ಟೆ ಒಗೆಯುವ ಕಲ್ಲು. ಮುಂಬಾಗಿಲ ಮೆಟ್ಟಿಲಾಗಲೆಂದು ನನ್ನನ್ನು ಬಂಡೆಯಿಂದ ಸೀಳಿದರು; ಉಳಿ ಜಾರಿ ಒಂದು ಅಂಚು ಮುಕ್ಕಾಯಿತು. ಮನೆಯೊಡತಿ ಮಂಚಮ್ಮ ನನ್ನನ್ನು ಹಿತ್ತಲಿಗೆ ಹಾಕಿಸಿದಳು. ಅವಳ ರಟ್ಟೆ ಸೋತ ಮೇಲೆ ಕಿರಿಸೊಸೆ ಸಣ್ಣತಾಯಿಯ ಕೈಗೆ ಬಂದೆ.

ಅಪ್ಪನ ತಿಥಿಯ ದಿನ ಎದ್ದ ಒಂದು ಮಾತಿಗೆ ಮುನಿದು ಸಣ್ಣತಾಯಿಯ ಅಣ್ಣಂದಿರು ಗೌರಿ ಹಬ್ಬದ ಬಾಗಿನ ತರುವುದನ್ನೇ ಬಿಟ್ಟಿದ್ದರು. ಆದರೆ ಹಬ್ಬದ ಹೊತ್ತಿಗೆ, ಬೆಳಗಿನ ಗಾಳಿ ತುಸು ತಣ್ಣಗಾದಾಗ, ಎಲ್ಲಿಂದಲೋ ಒಂದು ಹಕ್ಕಿ ಬರುತ್ತಿತ್ತು. ಬೂದು ಬೆನ್ನು, ಹಳದಿ ಹೊಟ್ಟೆ, ಸುಮ್ಮನಿರಲಾರದೆ ಕುಣಿಯುವ ಉದ್ದ ಬಾಲ. ಬೇಸಿಗೆ ಹತ್ತಿರವಾಗುವವರೆಗೂ ನನ್ನ ಸುತ್ತಲಿನ ಕೆಸರಲ್ಲಿ ಓಡಾಡಿಕೊಂಡಿರುತ್ತಿತ್ತು.

“ತವ್ರಿಂದ ಬಂದ್ಯಾ? ಎಲ್ರೂ ಚೆಂದಾಗವ್ರಾ?” ಎಂದು ಕೇಳಿ ಸಣ್ಣತಾಯಿ ಮೊರದಲ್ಲಿ ಅಕ್ಕಿ ತಂದಿಡುತ್ತಿದ್ದಳು. ಹಕ್ಕಿ ಅದನ್ನು ಮುಟ್ಟುತ್ತಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಒದ್ದೆ ಮಣ್ಣಿನ ಹುಳು. ಅವಳು ಒಳಗೆ ಹೋದ ಮೇಲೆ ಗುಬ್ಬಿಗಳು ಅಕ್ಕಿ ತಿಂದು ಮುಗಿಸುತ್ತಿದ್ದವು. ಬರಿದಾದ ಮೊರ ಕಂಡು ಅವಳು ನೆಂಟ ಉಂಡನೆಂದು ಹಿಗ್ಗುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಮನೆಗೆ ಬಟ್ಟೆ ಒಗೆಯುವ ಮಿಷನ್ ಬಂತು. ಹಿತ್ತಲಿಗೂ ಟೈಲ್ಸ್ ಹಾಕಿಸಲು ಹೊರಟರು.

“ಹಬ್ಬಕ್ಕೆ ಹಕ್ಕಿ ಬಂದೋಗ್ಲಿ ಕಣಕ್ಕ, ಆಮೇಲೆ ಕಲ್ಲು ಕೀಳ್ಸು” ಎಂದು ಸಣ್ಣತಾಯಿ ಬೇಡಿಕೊಂಡಳು.

“ಹಕ್ಕಿ ಕೇಳ್ಕಂಡು ಮನೆ ರಿಪೇರಿ ಮಾಡಕಾದದಾ?” ಎಂದು ಓರಗಿತ್ತಿ ಲಕ್ಕಮ್ಮ ನಕ್ಕಳು. ನನ್ನನ್ನು ಉರುಳಿಸಿ ಬೇಲಿಯ ಮೂಲೆಗೆ ಹಾಕಿದರು.

ಹಕ್ಕಿ ಬಂತು. ಟೈಲ್ಸಿನ ಮೇಲೆ ಎರಡು ಸುತ್ತು ಓಡಿ, ಏನೂ ಸಿಗದೆ ಹಾರಿತು. ಸಣ್ಣತಾಯಿ ಅಕ್ಕಿ ಹೆಚ್ಚಿಸಿದಳು. ಅದು ನಿಲ್ಲಲಿಲ್ಲ. “ಅಣ್ಣದೀರಂಗೆ ಇದೂ ಮುನಿಸ್ಕತ್ತು” ಎಂದಳು. ಈ ಸಲ ಲಕ್ಕಮ್ಮ ನಗಲಿಲ್ಲ. ಹಕ್ಕಿಗೆ ಬೇಕಾದದ್ದು ಮಣ್ಣು ನೆನೆಸುವ ನೀರು ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ.

ಮಹಾಲಯಕ್ಕೆ ಮನೆ ತೊಳೆಯುವಾಗ ಕಂಬಳಿ ಮಿಷನ್ನಿನಲ್ಲಿ ಹಿಡಿಸಲಿಲ್ಲ. ಸಣ್ಣತಾಯಿ ಅದನ್ನು ನನ್ನ ಬಳಿಗೆ ಹೊತ್ತು ತಂದು ತುಳಿದಳು. ನೀರು ಬೇಲಿಯ ಬುಡಕ್ಕೆ ಹರಿಯಿತು. ಸ್ವಲ್ಪ ಹೊತ್ತಿಗೆ ಹಕ್ಕಿ ಬಂದಿಳಿದು, ಅವಳ ಕಣ್ಣೆದುರೇ ಕೆಸರಿನಿಂದ ಹುಳ ಹೆಕ್ಕಿ ನುಂಗಿತು. ಆಚೆ ಮೊರದ ತುಂಬ ಗುಬ್ಬಿಗಳಿದ್ದವು. ಅವಳು ಎರಡೂ ಕಡೆ ನೋಡಿದಳು.

“ಹಂಗಾರೆ ನೀನು ಬತ್ತಿದ್ದುದು ನನ್ ನೋಡಕಲ್ಲ” ಎಂದಳು ಮೆಲ್ಲಗೆ.

ಕಂಬಳಿ ಒಣಗಿತು. ಮಾರನೆಯ ದಿನ ಒಗೆಯಲು ಏನೂ ಇರಲಿಲ್ಲ. ಆದರೂ ಅವಳು ಒಂದು ಕೊಡ ನೀರು ತಂದು ನನ್ನ ಸುತ್ತ ಸುರಿದಳು. ಈಗಲೂ ಹಬ್ಬದ ಹೊತ್ತಿಗೆ ಸುರಿಯುತ್ತಾಳೆ. ಹಕ್ಕಿಯನ್ನು ಮಾತಾಡಿಸುವುದಿಲ್ಲ, ಕುಶಲ ಕೇಳುವುದಿಲ್ಲ. ಖಾಲಿ ಕೊಡ ಪಕ್ಕಕ್ಕಿಟ್ಟು ನನ್ನ ಮೇಲೆ ಕೂರುತ್ತಾಳೆ. ಬಟ್ಟೆಯ ಏಟು ತಿಂದ ನನ್ನ ಬೆನ್ನಿಗೆ ಅವಳದೇನೂ ಭಾರವಲ್ಲ. ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿದ್ದಾಳೆ.