ಗಂಗವ್ವನ ಅಣ್ಣ

ನಾನು ಕಂಡ ಮೊದಲ ಸಮುದ್ರ ಅಜ್ಜಿಯ ಕಥೆಯಲ್ಲಿತ್ತು. ಅದರ ತಳದಲ್ಲಿ ಮುತ್ತಿನ ಅರಮನೆ, ಮಾತಾಡುವ ಮೀನು, ಮುನಿಸಿಕೊಂಡ ರಾಣಿ. ಆದರೆ ಕಥೆ ಹೇಳುತ್ತಿದ್ದ ಸಾವಿತ್ರೆವ್ವ ಸಮುದ್ರ ನೋಡಿದವಳೇ ಅಲ್ಲ. ಬಾಗಲಕೋಟೆಯಲ್ಲಿ ಹುಟ್ಟಿ ನಾಗಪುರಕ್ಕೆ ಸೊಸೆಯಾಗಿ ಬಂದವಳು; ಎರಡೂ ಊರಿಗೆ ಕಡಲ ಗಾಳಿ ಗೊತ್ತಿಲ್ಲ. ಈಗ ಅವಳ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಕೊರಿಯಾದ ಕಡಲತೀರದ ಬೂಸಾನಿನಲ್ಲಿರುವ ಮಗಳು, ನನ್ನ ನೀಲಾ ಅತ್ತೆ, ಅಜ್ಜ ಅಜ್ಜಿಗೂ ನನಗೂ ಟಿಕೆಟ್ ಕಳಿಸಿದ್ದಳು. ನಾಡಿದ್ದು ವಿಮಾನ.

ಅಷ್ಟರಲ್ಲಿ ಅಜ್ಜಿ ಚೀಲದೊಳಗೆ ತೆಂಗಿನಕಾಯಿ ಇಟ್ಟಳು. ಜೊತೆಗೆ ಅಕ್ಕಿ, ಹಸಿರು ಕುಪ್ಪಸದ ಖಣ, ಐದು ಅಡಿಕೆ: ಮಡಿಲು ತುಂಬುವ ಸಾಮಾನು.

"ಅಜ್ಜಿ, ವಿಮಾನದಾಗ ಕಾಯಿ ಬಿಡಂಗಿಲ್ಲ. ಆ ದೇಶದಾಗ ಅಕ್ಕಿ ಬಿಡಂಗಿಲ್ಲ."

"ಸಮುದ್ರ ಅಂದ್ರ ಗಂಗವ್ವ. ಮೊದಲನೇ ಸಲ ಆಕಿ ಕಡೆ ಹೊಂಟೇನಿ. ಆಕಿ ಉಡಿ ತುಂಬದೆ ನೀರಾಗ ಕಾಲಿಡ್ಲೇನು? ನಾ ಬರಂಗಿಲ್ಲ. ನೀವ ಹೋಗ್ರಿ."

ಕೋರಾಡಿ ವಿದ್ಯುತ್ ಕೇಂದ್ರದಿಂದ ನಿವೃತ್ತನಾದ ಅಜ್ಜ ಈರಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಚಲೋ ಆತು. ಕಿಟಕಿ ಸೀಟು ನಂಗ."

"ನೀವು ಸುಮ್ಕಿರ್ರಿ!"

ಅವಳದು ತಮಾಷೆಯಾಗಿರಲಿಲ್ಲ. ಸಂಜೆಗೆ ಅವಳ ಸ್ವೆಟರ್ ಚೀಲದಿಂದ ಎದ್ದು ಕಪಾಟು ಸೇರಿತು. ನನಗೆ ಅಳು ಬಂತು. ಮೊದಲ ಅಲೆ ಅವಳ ಪಾದ ಮುಟ್ಟುವ ಗಳಿಗೆಯನ್ನು ನಾನು ಆರು ವರ್ಷದವಳಿದ್ದಾಗಿನಿಂದ ಕನಸು ಕಂಡಿದ್ದೆ.

"ಇಲ್ಲೇ ಅಂಬಾಝರಿ ಕೆರಿಗೆ ಉಡಿ ತುಂಬೂಣು ಅಜ್ಜಿ. ಆ ನೀರು ನಾಗ ನದಿ ಹಿಡಿದು ಸಮುದ್ರಕ್ಕ ಹೋಗತೈತಿ, ಬರೋಬರ್?"

"ಆ ಹೊಲಸು ನಾಲಾದಾಗ ಗಂಗವ್ವನ ಖಣ ಕಳಸ್ತಿ? ನಾಚಿಕಿ ಐತೋ ಇಲ್ಲೋ ನಿಂಗ?"

ಸೋತು, ಅತ್ತೆ ಕಳಿಸಿದ ಬೂಸಾನಿನ ಚಿತ್ರಗಳನ್ನು ಫೋನಿನಲ್ಲಿ ಸುಮ್ಮನೆ ತೋರಿಸುತ್ತ ಕೂತೆ. ಗುಡ್ಡಕ್ಕೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳು. ಮೀನಿನ ಪೇಟೆ. "ಅದನ್ನ ಜಲ್ದಿ ಸರಿಸವಾ," ಅಜ್ಜಿ ಮೂಗು ಮುಚ್ಚಿಕೊಂಡಳು. ಆಮೇಲೆ ಕಡಲ ಬಂಡೆಯ ಮೇಲೊಂದು ಗುಡಿ.

"ಇಲ್ಲಿ ಯಾವ ದೇವರು?"

"ಬುದ್ಧ. ಮತ್ತ ಸಮುದ್ರಕ್ಕ ಒಬ್ಬ ರಾಜ ಇದ್ದಾನಂತ. ಹಾವಿನಂಥಾ ಉದ್ದ ಮೈ. ಅತ್ತಿ ಹೇಳಿದ್ಲು, ನೀರಿನ ತಳದಾಗ ಅವನ ಅರಮನಿ ಐತಂತ."

ಅಜ್ಜಿ ಕನ್ನಡಕ ಏರಿಸಿದಳು. "ರಾಜಾ? ಅಲ್ಲಿ ಸಮುದ್ರ ಗಂಡಸೇನು?"

"ಹೌದಂತ."

"ಯವ್ವಾ! ಗಂಡಸಿಗೆ ಯಾರರ ಉಡಿ ತುಂಬತಾರೇನು? ಮೊದಲ ಹೇಳಬಾರದ?"

ಅಜ್ಜ ಪೇಪರು ಕೆಳಗಿಟ್ಟ. "ಹಂಗಾದ್ರ ನೀರಾಗ ಇಳೀಬ್ಯಾಡ. ಪರಗಂಡಸು."

"ನಿಮ್ಮ ಬಾಯಿಗೆ ಬೀಗ ಹಾಕ್ರಿ. ಗಂಗವ್ವ ನಂಗ ಅಕ್ಕ ಇದ್ದಂಗ. ಈ ರಾಜಾ ಆಕಿ ಅಣ್ಣ, ಅಂದಮ್ಯಾಲ ನನಗೂ ಅಣ್ಣ. ಅಣ್ಣನ ಮನಿಗೆ ಹೋದ ತಂಗಿಗೆ ಅವನೇ ಖಣ-ಕಾಯಿ ಕೊಡಬೇಕು. ಆಕಿ ಯಾಕ ಹೊತಗೊಂಡು ಹೋಗ್ಲಿ?"

ಅವಳು ಫೋನನ್ನು ಮೂಗಿನ ತನಕ ತಂದು, ಆ ನೀಲಿ ನೀರನ್ನು ಬಹಳ ಹೊತ್ತು ದಿಟ್ಟಿಸಿದಳು.

"ನನಗಿಂತ ದೊಡ್ಡಾಂವೇನ?"

"ಭಾಳ ದೊಡ್ಡಾಂವ, ಅಜ್ಜಿ."

"ಹಂಗಾದ್ರ ಮೊದಲ ಬಗ್ಗಿ, ನೀರು ಮುಟ್ಟಿ ಹಣಿಗೆ ಹಚ್ಚಿಗೋತೇನಿ. ಆಮ್ಯಾಲ ಕಾಲು. ಅಲ್ಲಿ ಹೋದಕೂಡ್ಲೆ ಗಡಬಡದಾಗ ಮರೀತೇನಿ, ನೀ ನೆನಪ ಮಾಡು."